ಯಾವುದಕ್ಕೂ ಇರಲಿ

ರಾಜಾಜಿನಗರದ ನಮ್ಮ ಬಾಡಿಗೆ ಮನೆಯ ಬಾಗಿಲ ಹಿಂದೆ ಮೂರು ಕೊಡೆಗಳು ತೂಗುತ್ತಿದ್ದವು. ಮೊದಲನೆಯದು ಅಪ್ಪ ಕಚೇರಿಗೆ ಒಯ್ಯುತ್ತಿದ್ದದ್ದು. ಎರಡನೆಯದು, ಮೊದಲನೆಯದು ಕೈಕೊಟ್ಟರೆ ಬೇಕಾಗುತ್ತದೆ ಎಂದು ಇಟ್ಟದ್ದು. ಮೂರನೆಯದನ್ನು ಯಾರಾದರೂ ಬಿಚ್ಚಿದ್ದನ್ನು ನಾನು ಕಂಡಿರಲಿಲ್ಲ. ಅದರ ಮಡಿಕೆಗಳಲ್ಲಿ ಅಂಗಡಿಯ ವಾಸನೆ ಇನ್ನೂ ಹಾಗೇ ಇತ್ತು. ಇದು ಯಾಕೆ ಎಂದು ಕೇಳಿದರೆ ಅಪ್ಪನ ಉತ್ತರ ಒಂದೇ.

"ಯಾವುದಕ್ಕೂ ಇರ್ಲಿ."

ಈ ಎರಡು ಮಾತಿನ ಮೇಲೆ ನಮ್ಮ ಸಂಸಾರ ನಿಂತಿತ್ತು. ಬೆಂಕಿಪೊಟ್ಟಣ ಒಂದು ಡಬ್ಬಿಯೊಳಗೆ, ಆ ಡಬ್ಬಿ ಇನ್ನೊಂದು ಡಬ್ಬಿಯೊಳಗೆ. ದಾವಣಗೆರೆಗೆ ಹೋಗುವುದಿದ್ದರೆ ಬಸ್ಸು ಹೊರಡುವ ಎರಡು ಗಂಟೆ ಮೊದಲೇ ನಾವು ನಿಲ್ದಾಣದಲ್ಲಿ ಟ್ರಂಕಿನ ಮೇಲೆ ಕೂತಿರುತ್ತಿದ್ದೆವು. ಬಸ್ಸು ಬಂದ ಮೇಲೆ ಮುಂದಿನ ಸೀಟೂ ಬೇಡ, ಹಿಂದಿನದೂ ಬೇಡ, ಕಿಟಕಿಯ ಪಕ್ಕವಂತೂ ಬೇಡವೇ ಬೇಡ. ನಾನು ಸೈಕಲ್ ಕಲಿಯುವಂತಿರಲಿಲ್ಲ, ಬಿದ್ದರೆ? ಕೋಡುಬಳೆ ತಿನ್ನುವಾಗ ಮಾತಾಡುವಂತಿರಲಿಲ್ಲ, ಗಂಟಲಿಗೆ ಸಿಕ್ಕರೆ? ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಅವನ ಎಚ್ಚರಿಕೆಯಿಂದಲೇ ನಮ್ಮ ಮನೆಯಲ್ಲಿ ಒಲೆ ಹಚ್ಚದ ದಿನ ಎಂಬುದು ಇರಲಿಲ್ಲ. ಆದ್ದರಿಂದ ಅವನನ್ನು ಲೇವಡಿ ಮಾಡುವ ಹಕ್ಕು ನನಗಿಲ್ಲ. ಆದರೂ ಮಾಡುತ್ತೇನೆ. ಹೆತ್ತ ತಾಯಿಯೇ ಮಾಡುತ್ತಿದ್ದಳಲ್ಲ, ಆ ಧೈರ್ಯದಿಂದ.

ಮನೆಯ ಮುಂದಿನ ಭಾಗದಲ್ಲಿ ಮಾಲೀಕರು, ಹಿಂದಿನ ಎರಡೂವರೆ ಕೋಣೆ ನಮ್ಮದು. ಆ ಅರ್ಧ ಕೋಣೆ ಎಂದರೆ ನಡುಮನೆಗೂ ಅಡುಗೆಮನೆಗೂ ನಡುವಿನ ಓಣಿಯಂಥ ಜಾಗ. ಅದು ಅಜ್ಜಿಯ ರಾಜ್ಯ. ಅಲ್ಲಿ ಅವಳ ಚಾಪೆ, ತಗಡಿನ ಪೆಟ್ಟಿಗೆ, ವಿಭೂತಿ ಗಟ್ಟಿ, ಒಂದು ಮಣೆ. ಗಂಡ ತೀರಿಕೊಂಡ ಮೇಲೆ, ಭಾವಂದಿರು ಬೇಡವೆಂದರೂ ಕೇಳದೆ, ಪುಟ್ಟ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಹಳ್ಳಿ ಬಿಟ್ಟು ದಾವಣಗೆರೆಗೆ ಬಂದು, ಯಾರದೋ ಮನೆಯಲ್ಲಿ ರೊಟ್ಟಿ ಬಡಿದು ಅವನನ್ನು ಓದಿಸಿದವಳು. ಇಂಥವಳ ಹೊಟ್ಟೆಯಲ್ಲಿ ಅಂಥವನು ಹೇಗೆ ಹುಟ್ಟಿದನೋ ಎಂದು ಅಮ್ಮ ಒಮ್ಮೊಮ್ಮೆ ಬೆರಗಾಗುತ್ತಿದ್ದಳು. ಅಜ್ಜಿ ಬೆಳಿಗ್ಗೆ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಬಳಿದು, ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದಳು. ನೀರು, ವಿಭೂತಿ, ಬಿಲ್ವಪತ್ರೆ. ಆಮೇಲೆ ರೆಪ್ಪೆ ಮಿಟುಕಿಸದೆ ಅದನ್ನೇ ನೋಡುವುದು. ಅದಾಗದೆ ಒಂದು ಗುಟುಕು ನೀರೂ ಅವಳ ಗಂಟಲಿಗೆ ಇಳಿಯುತ್ತಿರಲಿಲ್ಲ. ನಮ್ಮವರಲ್ಲಿ ಪೂಜೆಯ ತಿರುಳೇ ಆ ನೋಟ. ಅಜ್ಜಿಗೆ ಹೋಗುತ್ತಾ ಬಂದದ್ದೂ ಅದೇ.

ಮೊದಲು ಬಲಗಣ್ಣಿಗೆ ಪೊರೆ ಬಂತು. ಆಗೆಲ್ಲ ಪೊರೆ ಬಲಿತ ಮೇಲೆಯೇ ತೆಗೆಯುತ್ತಿದ್ದರು. ಬಲಿತಿದೆ, ಇನ್ನು ತಡ ಮಾಡಬೇಡಿ ಎಂದು ಡಾಕ್ಟರು ಹೇಳಿದಾಗ ಅಪ್ಪ ಮೀನಮೇಷ ಎಣಿಸಿದ. ಚಳಿ ಕಳೆಯಲಿ ಎಂದ. ಚಳಿ ಕಳೆದ ಮೇಲೆ, ಬಿಸಿಲಿಗೆ ಗಾಯ ಕೀವಾಗುತ್ತದೆ ಎಂದ. ಮಳೆ ಬಂದ ಮೇಲೆ, ಮನೆಯೆಲ್ಲ ತೇವ ಎಂದ. ಒಂದು ಮಧ್ಯಾಹ್ನ ಅಜ್ಜಿ ನೋವು ತಾಳಲಾರದೆ ಹಣೆಯನ್ನು ಗೋಡೆಗೆ ಒತ್ತಿ ಹಿಡಿದು ಕೂತಳು. ಪೊರೆ ಅತಿಯಾಗಿ ಬಲಿತು ಕಣ್ಣೊಳಗೆ ಒತ್ತಡ ಏರಿಬಿಟ್ಟಿತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಆ ಕಣ್ಣು ಆರಿಹೋಗಿತ್ತು. ಇದರಿಂದ ಬೇರೆಯವರು ಬೇರೆ ಪಾಠ ಕಲಿಯುತ್ತಿದ್ದರೋ ಏನೋ, ಅಪ್ಪ ಮಾತ್ರ ಇನ್ನಷ್ಟು ಎಚ್ಚರಿಕೆಯವನಾದ. ಈಗ ಎಡಗಣ್ಣೂ ಅದೇ ದಾರಿ ಹಿಡಿದಿತ್ತು. ಅಜ್ಜಿಗೆ ಬೆಳಕು ಕಾಣುತ್ತಿತ್ತು, ಬಾಗಿಲಲ್ಲಿ ಯಾರೋ ನಿಂತದ್ದು ಕಾಣುತ್ತಿತ್ತು, ಅಂಗೈ ಮೇಲಿನ ಲಿಂಗ ಕಾಣುತ್ತಿರಲಿಲ್ಲ.

ನಾನಾಗ ಹತ್ತು ದಾಟಿದ ಹುಡುಗಿ. ಅಜ್ಜಿಯ ಕಣ್ಣಿನ ಕೆಲಸಗಳೆಲ್ಲ ನನ್ನ ಪಾಲಿಗೆ ಬಂದಿದ್ದವು. ಸೂಜಿಗೆ ದಾರ ಪೋಣಿಸುವುದು, ಅಕ್ಕಿಯಲ್ಲಿ ಕಲ್ಲು ಆರಿಸುವುದು, ಬೀದಿಯಲ್ಲಿ ಹೋದವರು ಯಾರು, ಯಾವ ಸೀರೆ ಉಟ್ಟಿದ್ದರು ಎಂದು ವರದಿ ಒಪ್ಪಿಸುವುದು. ಎಲ್ಲಕ್ಕಿಂತ ದೊಡ್ಡದು ಬಿಲ್ವಪತ್ರೆ ತರುವುದು. ಮೊದಲು ಅಪ್ಪನೇ ಭಾನುವಾರ ವಾರಕ್ಕಾಗುವಷ್ಟು ಕಿತ್ತು ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದ, ಜೊತೆಗೆ ಯಾವುದಕ್ಕೂ ಇರಲಿ ಎಂದು ಇನ್ನೊಂದು ವಾರದ್ದು. ಒಣಗಿದ್ದು ಬ್ಯಾಡ, ಇನ್ನು ಮೇಲೆ ಲೀಲಾ ದಿನಾ ತರ್ಲಿ ಎಂದು ಅಜ್ಜಿ ಹಟ ಹಿಡಿದಳು. ಲೀಲಾ ಎಂದರೆ ನಾನು. ಅಪ್ಪನನ್ನು ಒಪ್ಪಿಸಲು ಒಂದು ವಾರ ಹಿಡಿಯಿತು. ಮರ ಇದ್ದದ್ದು ಬಸವೇಶ್ವರನಗರದ ಕಡೆ. ಅಲ್ಲಿ ಆಗ ಸೈಟಿನ ಕಲ್ಲು ನೆಟ್ಟಿದ್ದರೂ ನಡುನಡುವೆ ತೋಟಗಳು, ರಾಗಿ ಹೊಲಗಳು ಉಳಿದುಕೊಂಡಿದ್ದವು. ಒಂದು ಹಳೆಯ ತೋಟದ ಬಾವಿಯ ಪಕ್ಕ ಆ ಬಿಲ್ವದ ಮರ. ಒಂದು ತಿಂಗಳು ನಿಯತ್ತಾಗಿ ತಂದೆ. ಆಮೇಲೆ ತೋಟದವರು ಮರದ ಬುಡಕ್ಕೆ ಒಂದು ಟಗರು ತಂದು ಕಟ್ಟಿದರು.

ಸುರುಳಿ ಕೊಂಬಿನ, ಕೆಂಪು ಕಣ್ಣಿನ ಟಗರು. ಹಗ್ಗ ಬೇಕಾದ್ದಕ್ಕಿಂತ ಉದ್ದವಾಗಿತ್ತು. ನನ್ನನ್ನು ನೋಡಿ ಅದು ತಲೆ ತಗ್ಗಿಸಿ ಎರಡು ಹೆಜ್ಜೆ ಹಿಂದೆ ಸರಿಯಿತು. ಪಾಪ, ಹೆದರಿಕೊಂಡಿತು ಎಂದುಕೊಂಡೆ. ಟಗರು ಹಿಂದೆ ಸರಿಯುವುದು ಯಾಕೆಂದು ಗೊತ್ತಾದದ್ದು ಮರುಕ್ಷಣ. ಲಂಗ ಎತ್ತಿ ಹಿಡಿದು ಅಳುತ್ತಾ ಓಡಿದವಳು ನಿಂತದ್ದು ನಮ್ಮ ಹಿತ್ತಲಿನಲ್ಲಿಯೇ. ಅಲ್ಲಿ ಚಪ್ಪರದವರೆ ಬಳ್ಳಿ ಹಬ್ಬಿತ್ತು. ಏದುಸಿರು ಬಿಡುತ್ತಾ ನೋಡುತ್ತೇನೆ, ಅವರೆಗೂ ಬಿಲ್ವದ ಹಾಗೆ ಒಂದು ತೊಟ್ಟಿಗೆ ಮೂರು ಎಲೆ! ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿಕೊಂಡೆ. ಎಳೆಯವನ್ನು ಆರಿಸಿ, ವಾಸನೆ ಮುಚ್ಚಲು ಒಂದಿಷ್ಟು ಗಂಧ ಸವರಿ, ತಟ್ಟೆಯಲ್ಲಿಟ್ಟೆ. ಅಜ್ಜಿ ಒಂದೊಂದನ್ನೇ ಎತ್ತಿ, ಬೆರಳಿನಿಂದ ಸವರಿ ಲಿಂಗಕ್ಕೆ ಏರಿಸಿದಳು. ಟಗರಿನ ಸುದ್ದಿಯನ್ನು ಅಪ್ಪನಿಗೆ ಹೇಳುವಂತಿರಲಿಲ್ಲ. ಹೇಳಿದ್ದರೆ ನನ್ನ ಮದುವೆಯಾಗುವವರೆಗೆ ಹೊಸಲು ದಾಟಲು ಬಿಡುತ್ತಿರಲಿಲ್ಲ. ಹೀಗೆ ದಿನಾ ಬೆಳಿಗ್ಗೆ ಬೀದಿಯ ತುದಿಯಲ್ಲಿ ಮರದವರೆಗೆ ಹೋಗಿ ಬರುವಷ್ಟು ಹೊತ್ತು ನಿಂತು ಬಂದು, ತಿಂಗಳುಗಟ್ಟಲೆ ಶಿವನಿಗೆ ಅವರೆ ಎಲೆ ಸಲ್ಲಿಸುತ್ತಾ ಬಂದೆ.

ಒಂದು ಸೋಮವಾರ ಅಪ್ಪ ಅಜ್ಜಿಯನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದ. ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದ್ದರು. ಎಡಗಣ್ಣಿನ ಪೊರೆ ಈಗ ಬಲಿತಿದೆ. ತೆಗೆದರೆ ದಪ್ಪ ಕನ್ನಡಕ ಹಾಕಿಕೊಂಡು ಚೆನ್ನಾಗಿ ಕಾಣಬಹುದು. ಕೈ ತಪ್ಪಿದರೆ ಈಗಿರುವ ಮಸಕು ಬೆಳಕೂ ಹೋಗುತ್ತದೆ, ಮತ್ತೆ ಪ್ರಯತ್ನಿಸಲು ಇನ್ನೊಂದು ಕಣ್ಣಿಲ್ಲ. ಮಧ್ಯಾಹ್ನ ನಡುಮನೆಯಲ್ಲಿ ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತಾ ಅಪ್ಪ ಪೀಠಿಕೆ ಹಾಕಿದ.

"ಇರೋದು ಇರ್ಲಿ ಬಿಡವ್ವಾ. ಬಾಗ್ಲು ಕಾಣುತ್ತೆ, ಜನ ಕಾಣ್ತಾರೆ. ಗಿರಿಜಾ ಇದಾಳೆ, ಲೀಲಾ ಇದಾಳೆ, ಕೈ ಹಿಡ್ಕೊಂಡು ಓಡಾಡಿಸ್ತಾರೆ. ಇದೂ ಹೋದ್ರೆ ಏನ್ ಮಾಡ್ತೀಯ?"

"ಸುಮ್ನೆ ಕೂತ್ರೆ ಇದು ಉಳಿಯುತ್ತೆ ಅಂತ ಯಾರು ಹೇಳಿದ್ರು ನಿಂಗೆ?"

"ಹಂಗಲ್ಲ. ಒಂದ್ಸಲ ಕೈ ಸುಟ್ಕೊಂಡಿದೀವಿ..."

"ಏನು ಸುಟ್ಕೊಂಡಿದ್ದು? ಬಲಗಣ್ಣು ಕತ್ರಿಯಿಂದ ಹೋಯ್ತೇನು? ಕಾದಿದ್ದಕ್ಕೆ ಹೋಯ್ತು. ಜ್ವಾಪಾನ ಮಾಡಿ ಮಾಡೀನೇ ಕಳೆದ್ವಿ ಅದನ್ನ."

ಅಪ್ಪನ ಕೈ ತಟ್ಟೆಯ ಮೇಲೆಯೇ ನಿಂತಿತು. ಆ ಮುಖವನ್ನು ನಾನು ಮರೆತಿಲ್ಲ. ಎರಡು ವರ್ಷದಿಂದ ಆ ಮಾತನ್ನು ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದನೆಂದು ಆಗ ನನಗೆ ತಿಳಿಯಲಿಲ್ಲ. ಅಜ್ಜಿಗೆ ಕಾಣದಿದ್ದರೂ ತಿಳಿಯಿತು. ದನಿ ತಗ್ಗಿಸಿದಳು.

"ನಿನ್ನೊಬ್ಬನ ತಪ್ಪಲ್ಲ ಮಗಾ. ಅವತ್ತು ನಾನೂ ಅಂಜಿದ್ದೆ, ನೀನು ಬ್ಯಾಡ ಅಂದಿದ್ದು ನಂಗೂ ಹಿತವಾಗಿತ್ತು. ಕೂತು ಕಳ್ಕೊಳ್ಳೋದು ಒಂದ್ಸಲ ಸಾಕು. ಹೋಗೋದಾದ್ರೆ ಈ ಸಲ ನಾನೇ ಎದ್ದು ಹೋಗಿ ಕಳ್ಕೊಂಡು ಬರ್ತೀನಿ."

ಗಿರಿಜಾ, ಎಂದರೆ ನನ್ನ ಅಮ್ಮ, ಮಜ್ಜಿಗೆ ಬಡಿಸುತ್ತಾ, ಅತ್ತೆ ಹೇಳೋದು ಸರಿ ಅನ್ಸುತ್ತೆ ರೀ ಎಂದಳು. ಅಜ್ಜಿ ನನ್ನ ಕಡೆ ಎಂದುಕೊಂಡು ಕಂಬದ ಕಡೆ ಮುಖ ತಿರುಗಿಸಿದಳು.

"ನೀನು ಹೇಳೇ ಲೀಲಾ. ನನ್ನ ಕಣ್ಣು ನೀನೇ ಅಲ್ವಾ? ಮಾಡಿಸ್ಲಾ, ಬ್ಯಾಡ್ವಾ?"

ಅಜ್ಜಿಗೆ ಕಣ್ಣು ಬಂದರೆ ಮೊದಲು ಏನು ನೋಡುತ್ತಾಳೆ? ಲಿಂಗ. ಎರಡನೆಯದಾಗಿ? ಅದರ ಮೇಲಿನ ಎಲೆ.

"ಬೇಡ ಅಜ್ಜಿ. ಇರೋದೇ ಇರ್ಲಿ" ಎಂದೆ.

ಬದುಕಿನಲ್ಲಿ ಆಮೇಲೆಯೂ ನಾನು ಹೇಡಿಯಾದದ್ದುಂಟು, ಆದರೆ ಅಷ್ಟು ನಾಚಿಕೆಗೆಟ್ಟ ಹೇಡಿತನ ಇನ್ನೊಂದಿಲ್ಲ. ಒಬ್ಬಳು ಮುದುಕಿ ಕತ್ತಲಲ್ಲಿ ಇರಲಿ, ನನ್ನ ಕಳ್ಳತನ ಮುಚ್ಚಿಕೊಂಡಿದ್ದರೆ ಸಾಕು ಎಂದಂತಾಯಿತಲ್ಲ. ಅಪ್ಪ ಮಾತ್ರ ನನ್ನ ತಲೆ ನೇವರಿಸಿ, ಮಗೂಗೆ ಇರೋ ತಿಳುವಳಿಕೆ ನೋಡು ಎಂದ. ಅಜ್ಜಿ, ಇವಳೂ ಅವನ ಮಗಳೇ ಎಂದು ಮಜ್ಜಿಗೆ ಕುಡಿದಳು.

ಅಪ್ಪ ಹೇಗೆ ಒಪ್ಪಿದನೋ ನನಗೆ ಪೂರ್ತಿ ತಿಳಿಯದು. ಎರಡು ದಿನವಾದ ಮೇಲೆ ಕೂತು ರಜೆಯ ಅರ್ಜಿ ಬರೆದ. ಆಸ್ಪತ್ರೆಗೆ ನನ್ನನ್ನೂ ಕರೆದುಕೊಂಡು ಹೋದರು, ಅಜ್ಜಿಯ ಹಟ. ಏನಾದರೂ ಹೆಚ್ಚುಕಡಿಮೆಯಾದರೆ ನಮ್ಮ ಒಪ್ಪಿಗೆ ಇತ್ತು ಎಂಬ ಕಾಗದಕ್ಕೆ ಸಹಿ ಮಾಡುವಾಗ ಅಪ್ಪನ ಪೆನ್ನು ಮೂಡಲಿಲ್ಲ. ಜೇಬಿನಲ್ಲಿ ಇನ್ನೊಂದಿತ್ತು, ಅದೂ ಮೂಡಲಿಲ್ಲ. ತಪ್ಪು ಪೆನ್ನುಗಳದ್ದಲ್ಲ, ಕೈ ಕಾಗದಕ್ಕೆ ತಾಗುತ್ತಲೇ ಇರಲಿಲ್ಲ. ಕೊನೆಗೆ ಎಡಗೈಯಿಂದ ಬಲಗೈ ಹಿಡಿದುಕೊಂಡು ಸಹಿ ಹಾಕಿದ. ಅಷ್ಟರಲ್ಲಿ ನರ್ಸಮ್ಮ ಬಂದು ಅಜ್ಜಿಯ ಬೆಳ್ಳಿ ಬಳೆ ಬಿಚ್ಚಿಸಿ, ಕೊರಳಲ್ಲಿರೋದನ್ನೂ ತೆಗೀರಿ ಅಜ್ಜಿ ಎಂದಳು. ನಮ್ಮ ನಡುಮನೆಯಲ್ಲಿ ಯಾರೂ ಆಡದ ಮಾತು ಅದು. ಲಿಂಗ ಮೈಯಿಂದ ಬೇರೆಯಾಗುವುದೂ ಒಂದೇ, ಪ್ರಾಣ ಹೋಗುವುದೂ ಒಂದೇ ಎಂದು ನಂಬಿ ಬಾಳಿದವಳು ಅಜ್ಜಿ. ಅಪ್ಪನಿಗೆ ದಾರಿ ಸಿಕ್ಕಿತು.

"ನೋಡಿದ್ಯಾ ಅವ್ವಾ, ಶಿವನೇ ಬೇಡ ಅಂತಿದಾನೆ. ಏಳು, ಮನೆಗೆ ಹೋಗೋಣ."

"ಶಿವ ಏನೂ ಅಂದಿಲ್ಲ, ನರ್ಸಮ್ಮ ಅಂದಿದ್ದು. ಕೊರಳಿಗೆ ಬ್ಯಾಡ ಅಂದ್ರೆ ತೋಳಿಗೆ ಕಟ್ಟು. ನಾನು ಒಳಗೆ ಹೋಗೋದೇ ಸೈ."

ಡಾಕ್ಟರು ಆಗಬಹುದು ಎಂದು ತಲೆಯಾಡಿಸಿದರು. ಅಪ್ಪ ಕರಡಿಗೆಯನ್ನು ಅಜ್ಜಿಯ ತೋಳಿಗೆ ಕಟ್ಟಿ, ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದ. ಅಜ್ಜಿ ನರ್ಸಮ್ಮನ ಕೈ ಹಿಡಿದು ಒಳಗೆ ನಡೆದಳು. ಹಿಂದಿರುಗಿ ನೋಡಲಿಲ್ಲ, ನೋಡಿದರೂ ಕಾಣುತ್ತಿರಲಿಲ್ಲ ಅನ್ನಿ.

ಆಗಿನ ಕಾಲದಲ್ಲಿ ಕತ್ತರಿ ಹಾಕುವುದಕ್ಕಿಂತ ಆಮೇಲಿನದೇ ದೊಡ್ಡ ತಪಸ್ಸು. ಎರಡೂ ಕಣ್ಣಿಗೆ ಪಟ್ಟಿ, ತಲೆ ಅಲುಗಾಡದಂತೆ ಎರಡು ಕಡೆ ಮರಳಿನ ಚೀಲ. ಒಂದು ವಾರ ಹಾಗೇ ಮಲಗಿರಬೇಕು. ಕೆಮ್ಮುವಂತಿಲ್ಲ, ಸೀನುವಂತಿಲ್ಲ, ಅಗಿಯುವಂತಿಲ್ಲ, ನಗುವಂತಿಲ್ಲ. ಅಜ್ಜಿ ಮಲಗಿದಲ್ಲೇ ಅಂಗೈಯನ್ನು ಎದೆಯ ಮೇಲಿಟ್ಟುಕೊಂಡು, ಅದರ ಮೇಲೆ ಲಿಂಗವಿಟ್ಟುಕೊಂಡು ಪೂಜೆ ಮುಗಿಸಿ, ಆಮೇಲೆ ಚಮಚದಲ್ಲಿ ಗಂಜಿ ಕುಡಿಯುತ್ತಿದ್ದಳು. ಪತ್ರೆ ಒಯ್ಯುವುದು ನನ್ನ ಕೆಲಸ. ಮೊದಲ ಎರಡು ದಿನ ಎಂದಿನಂತೆ ಅವರೆ ಎಲೆಯನ್ನೇ ಒಯ್ದೆ. ಎರಡನೆಯ ದಿನ ನಾನು ನೋಡುತ್ತಿದ್ದಂತೆಯೇ ಅವಳ ಗಂಟಲಲ್ಲಿ ಕೆಮ್ಮು ಏರಿತು. ಕುತ್ತಿಗೆಯ ನರ ಉಬ್ಬಿತು, ಕಾಲ ಬೆರಳು ಸೆಟೆದುಕೊಂಡವು, ತಲೆ ಮಾತ್ರ ಕೂದಲೆಳೆಯಷ್ಟೂ ಮಿಸುಕಲಿಲ್ಲ. ಕೆಮ್ಮು ಇಳಿಯಿತು. ಅವಳು ಉಸಿರು ಬಿಟ್ಟು, ಕೈ ಚಾಚಿ, ಪತ್ರೆ ಕೊಡವ್ವ ಎಂದಳು. ಅಷ್ಟನ್ನು ಪಣಕ್ಕಿಟ್ಟು ಮಲಗಿದವಳ ಕೈಗೆ ಹಿತ್ತಲಿನ ಅವರೆ ಎಲೆ ಇಟ್ಟೆನಲ್ಲ, ಆಗ ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಮಾರನೆಯ ಬೆಳಿಗ್ಗೆ ಬಾಗಿಲ ಹಿಂದಿನ ಮೂರನೆಯ ಕೊಡೆ ತೆಗೆದುಕೊಂಡು ಮರದ ಹತ್ತಿರ ಹೋದೆ. ಟಗರು ಎದ್ದು ನಿಂತಿತು, ಎರಡು ಹೆಜ್ಜೆ ಹಿಂದೆ ಸರಿಯಿತು. ನಾನು ಕೊಡೆಯನ್ನು ಅದರ ಮುಖದ ಮುಂದೆ ಫಟ್ಟನೆ ಬಿಚ್ಚಿದೆ. ಅದು ಬೆಚ್ಚಿ ಓಡಿಹೋಯಿತು ಎಂದು ಬರೆಯಲು ನನಗೂ ಆಸೆ. ಓಡಲಿಲ್ಲ. ಕೊಡೆಯ ಸಮೇತ ನನ್ನನ್ನು ಗುದ್ದಿತು. ಬಾವಿಯ ಚಪ್ಪಡಿಗೆ ಮಂಡಿ ಬಡಿದು ಚರ್ಮ ಕಿತ್ತುಬಂತು. ಆದರೆ ಕೊಡೆಯ ಕಡ್ಡಿಗಳು ಅದರ ಕೊಂಬಿಗೆ ಸಿಕ್ಕಿಕೊಂಡಿದ್ದವು, ಅದು ತಲೆ ಕೊಡವುತ್ತಾ ಕೊಡೆಯೊಡನೆ ಜಗಳಕ್ಕೆ ನಿಂತಿತ್ತು. ಅಷ್ಟು ಹೊತ್ತು ನನಗೆ ಸಾಕಾಯಿತು. ಮುಳ್ಳು ತರಚಿದರೂ ಬಿಡದೆ ಒಂದು ಹಿಡಿ ಪತ್ರೆ ಕಿತ್ತುಕೊಂಡು, ಕೊಂಬಿನಿಂದ ಕಳಚಿಬಿದ್ದ ಮುರಿದ ಕೊಡೆಯನ್ನು ಎಳೆದುಕೊಂಡು ಓಡಿದೆ. ಅವತ್ತು ಮಾತ್ರ ಓಡುತ್ತಾ ಅಳಲಿಲ್ಲ.

ಆಸ್ಪತ್ರೆಯಲ್ಲಿ ಎಲೆ ಬೆರಳಿಗೆ ತಾಗಿದ್ದೇ ಅಜ್ಜಿಯ ಕೈ ನಿಂತಿತು. ಹೆಬ್ಬೆರಳಿನಿಂದ ಒಂದು ಸಲ ಸವರಿದಳು. ಎರಡೂ ಕಣ್ಣಿಗೆ ಪಟ್ಟಿ ಇತ್ತು ಎಂಬುದು ನೆನಪಿರಲಿ.

"ಟಗರನ್ನ ಬೇರೆ ಕಡೆ ಕಟ್ಟಿದ್ರೇನೇ?"

ಟಗರಿನ ಸುದ್ದಿಯನ್ನು ನಾನು ಯಾರಿಗೂ ಹೇಳಿರಲಿಲ್ಲ.

"ಇಲ್ಲ ಅಜ್ಜಿ. ಅಲ್ಲೇ ಇತ್ತು."

"ಇದ್ರೂ ಹೋದ್ಯಾ?"

"ಹೂಂ. ಗುದ್ದಿತು. ಮಂಡಿ ಕಿತ್ತೋಯ್ತು. ಅಪ್ಪನ ಕೊಡೆ ಮುರಿದೋಯ್ತು."

ಅಜ್ಜಿಯ ತುಟಿ ಅದುರತೊಡಗಿತು. ಅಳುತ್ತಿದ್ದಾಳೆ ಎಂದು ಗಾಬರಿಯಾದೆ.

"ನಗಿಸ್ಬ್ಯಾಡ್ವೇ ರಂಡೇ, ಹೊಲಿಗೆ ಬಿಚ್ಚುತ್ತೆ" ಎಂದಳು, ತುಟಿ ಕಚ್ಚಿಕೊಂಡು.

"ನಿಂಗೆ ಹೆಂಗೆ ಗೊತ್ತಾಯ್ತು?"

"ಅವರೆ ಎಲೆ ಯಾವ್ದು, ಬಿಲ್ವ ಯಾವ್ದು ಅಂತ ಬೆರಳಿಗೆ ಗೊತ್ತಾಗಲ್ವಾ? ಕಣ್ಣು ಹೋಗಿತ್ತು ಕಣೇ, ಕೈ ಹೋಗಿರ್ಲಿಲ್ಲ. ತೋಟದವ್ಳು ಸೊಪ್ಪು ಮಾರಕ್ಕೆ ಬಂದಾಗ ಹೇಳಿದ್ಲು, ನಿಮ್ಮ ಹುಡ್ಗಿ ಟಗರು ನೋಡಿ ಬಿದ್ದಂಬೀಳ ಓಡಿದ್ಲು ಅಂತ."

"ಮತ್ತೆ ಯಾಕಜ್ಜಿ ಸುಮ್ನಿದ್ದೆ ಇಷ್ಟು ದಿನ?"

"ಬಾಯಿ ಬಿಟ್ರೆ ನಿಮ್ಮಪ್ಪ ದೊಣ್ಣೆ ತಗೊಂಡು ಹೋಗಿ ತಿಂಗಳಿಗಾಗೋಷ್ಟು ತಂದಿಡ್ತಿದ್ದ. ನೀನು ಹಿತ್ತಲಲ್ಲೇ ಉಳೀತಿದ್ದೆ. ಇವತ್ತಲ್ಲ ನಾಳೆ ಹೋಗ್ತಾಳೆ ಅಂತ ಕಾದೆ. ದಿನಾ ಶಿವನಿಗೆ ಹೇಳ್ತಿದ್ದೆ, ಇದು ಬಿಲ್ವ ಅಂತ್ಲೇ ತಿಳ್ಕೊಳಪ್ಪಾ, ತಪ್ಪಾದ್ರೆ ನನ್ನ ತಲೆ ಮೇಲಿರ್ಲಿ, ಹುಡುಗಿ ಇನ್ನೂ ದಾರೀಲಿದಾಳೆ ಅಂತ."

ಕಣ್ಣಿಗಿಂತ ದೊಡ್ಡದನ್ನು ಅಜ್ಜಿ ಮೊದಲೇ ಪಣಕ್ಕೆ ಒಡ್ಡಿದ್ದಳು. ಜ್ವರ ಬಂದಾಗಲೂ ಪೂಜೆ ತಪ್ಪಿಸದವಳು ತಿಂಗಳುಗಟ್ಟಲೆ ತಪ್ಪು ಎಲೆ ಏರಿಸಿದ್ದಳು, ಅದೂ ನನ್ನಂಥ ಪುಕ್ಕಲಿಯನ್ನು ನಂಬಿ. ಆಮೇಲೆ ನನಗೆ ಪದವಿ ಬಂತು, ಕೆಲಸ ಬಂತು, ನಾಲ್ಕು ಜನರ ಮುಂದೆ ಹಾರ ಹಾಕಿಸಿಕೊಂಡದ್ದೂ ಉಂಟು. ಆದರೆ ಆ ಮಂಚದ ಪಕ್ಕ ರಕ್ತ ಸೋರುವ ಮಂಡಿಯಲ್ಲಿ ನಿಂತಾಗ ಉಬ್ಬಿದಷ್ಟು ನನ್ನ ಎದೆ ಮತ್ತೆಂದೂ ಉಬ್ಬಲಿಲ್ಲ. ಹಿಂದಿರುಗಿ ನೋಡಿದರೆ ಹಾಲಿನ ಲೋಟ ಹಿಡಿದು ಅಪ್ಪ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಬೈಗುಳಕ್ಕೆ ಸಿದ್ಧಳಾದೆ. ಅವನು ನಾನು ಮೂಲೆಯಲ್ಲಿ ಇಟ್ಟಿದ್ದ ಕೊಡೆಯನ್ನು ಎತ್ತಿ, ಮುರಿದ ಕಡ್ಡಿಗಳನ್ನು ಒಂದೊಂದಾಗಿ ನೇರ ಮಾಡಲು ನೋಡಿ, ಕೈಬಿಟ್ಟ.

"ಇದಕ್ಕೇ ಇತ್ತು ಅನ್ಸುತ್ತೆ ಇದು" ಎಂದ.

ಪಟ್ಟಿ ಬಿಚ್ಚಿದ ದಿನ ಡಾಕ್ಟರು ಬೆರಳು ತೋರಿಸಿ ಎಷ್ಟು ಎಂದು ಕೇಳಿದರು. ಎರಡು ಎಂದಳು ಅಜ್ಜಿ. ಅಪ್ಪ ಅಲ್ಲೇ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟ. ಪಕ್ಕದ ಮಂಚದ ಅಜ್ಜಿಗೆ ಅದೇ ದಿನ ಪಟ್ಟಿ ಬಿಚ್ಚಿದರು, ಅವರಿಗೆ ಕಣ್ಣು ಬರಲಿಲ್ಲ. ಅದನ್ನೂ ನಾನು ಕಂಡಿದ್ದೇನೆ. ನಮ್ಮ ಅಜ್ಜಿಗೂ ಹಾಗೇ ಆಗಿದ್ದರೆ ಇದನ್ನು ಇಷ್ಟೇ ಹೆಮ್ಮೆಯಿಂದ ಬರೆಯುತ್ತಿದ್ದೆನೇ? ಬರೆಯುತ್ತಿದ್ದೆ. ಕೂತು ಕಳೆದ ಕಣ್ಣಿಗೂ ಎದ್ದು ಹೋಗಿ ಕಳೆದ ಕಣ್ಣಿಗೂ ಇರುವ ಅಂತರವನ್ನು ಅಜ್ಜಿ ಆ ಮಧ್ಯಾಹ್ನವೇ ಊಟದ ಮುಂದೆ ಹೇಳಿ ಮುಗಿಸಿದ್ದಳು. ಆ ವರ್ಷವೇ ನಾನು ಸೈಕಲ್ ಕಲಿತೆ. ಹಿಂದೆ ಹಿಡಿದುಕೊಂಡು ಓಡಿದವನು ಅಪ್ಪ. ಕೈ ಬಿಡಲು ಮಾತ್ರ ಅವನಿಗೆ ಹದಿನೈದು ದಿನ ಬೇಕಾಯಿತು.

ಕನ್ನಡಕ ಬಂದದ್ದು ಒಂದೂವರೆ ತಿಂಗಳ ಮೇಲೆ, ಸೋಡಾಬಾಟಲಿಯ ತಳದಷ್ಟು ದಪ್ಪ ಗಾಜಿನದು. ಬೆಳಿಗ್ಗೆ ಸ್ನಾನ ಮುಗಿಸಿ ಅಜ್ಜಿ ಮಣೆಯ ಮೇಲೆ ಕೂತಳು. ಅಪ್ಪ, ಅಮ್ಮ ಆ ಓಣಿಯ ಎರಡು ತುದಿಯಲ್ಲಿ ನಿಂತರು. ನಾನು ತಟ್ಟೆಯಲ್ಲಿ ಬಿಲ್ವ ತುಂಬಿ ತಂದಿಟ್ಟೆ. ಅಜ್ಜಿ ಕರಡಿಗೆ ತೆಗೆದು ಲಿಂಗವನ್ನು ಅಂಗೈ ಮೇಲೆ ಇಟ್ಟುಕೊಂಡಳು, ಬಲಗೈಯಿಂದ ಕನ್ನಡಕ ಏರಿಸಿದಳು. ಗಾಜಿನ ಹಿಂದೆ ಅವಳ ಕಣ್ಣು ಎರಡರಷ್ಟು ದೊಡ್ಡದಾಗಿ ಕಂಡಿತು. ಎಷ್ಟೋ ತಿಂಗಳಿಂದ ಕಾಣದ ಲಿಂಗ ಕೈಯಲ್ಲೇ ಇತ್ತು, ತಗ್ಗಿ ನೋಡಿದರೆ ಸಾಕಿತ್ತು. ಅವಳು ತಲೆಯೆತ್ತಿ ನನ್ನನ್ನು ಹುಡುಕಿದಳು.

"ಬಾರೇ ಇಲ್ಲಿ. ಲಂಗ ಎತ್ತು. ಟಗರು ಗುದ್ದಿದ್ದು ಯಾವ ಮಂಡಿ, ತೋರ್ಸು."

ತೋರಿಸಿದೆ. ಅವಳು ಆ ಕಲೆಯನ್ನು ರೆಪ್ಪೆ ಮಿಟುಕಿಸದೆ ನೋಡಿದಳು. ಶಿವನು ಅಷ್ಟು ಹೊತ್ತು ಅವಳ ಅಂಗೈಯಲ್ಲಿ ಕಾಯಬೇಕಾಯಿತು.